ಕ್ಯಾಂಪಸ್ನಾಗ ಓಪನ್ ಚರ್ಚೆ ಇಡಬೇಕಾ? ಮೊದ್ಲು ಎದುರಿನ ಗುಂಪಿನವ್ರ ಹತ್ರ ಹೋಗ್ರಿ

ಬಳ್ಳಾರಿಯಾಗ ಎಂಎ ಓದೋವಾಗ ನಾವೊಂದು ಚರ್ಚೆ ಇಟ್ಟಿದ್ವಿ, 2021ರ ಮಾತು, ವಿಜಯನಗರ ಜಿಲ್ಲೆ ಆಗ ತಾನ ಬ್ಯಾರೆ ಆಗಿತ್ತು. ವಿಷಯ ನಾವ ಬರೆದ್ವಿ, "ಜಿಲ್ಲೆ ಒಡೆದದ್ದು ಬಳ್ಳಾರಿಗೆ ಮಾಡಿದ ದ್ರೋಹ" ಅಂತ, ಪೋಸ್ಟರ್ ನಾವ ಪ್ರಿಂಟ್ ಹಾಕ್ಸಿದ್ವಿ, ಹೊಸ ಜಿಲ್ಲೆಗೆ ಸೇರಿದ ಹೊಸಪೇಟಿ ಕೂಡ್ಲಿಗಿ ಕಡೆ ಹುಡ್ರ ಗುಂಪಿನ ಹೆಸ್ರು ಅವ್ರನ್ನ ಕೇಳದ ಅದ್ರ ಕೆಳಗ ಹಾಕಿದ್ವಿ. ಅವ್ರು ಯಾಕ ಬರ್ತಾರ ಹೇಳ್ರಿ? ಒಬ್ರೂ ಬರ್ಲಿಲ್ಲ. ಹಾಲ್‌ನಾಗ ನಲವತ್ತು ಮಂದಿ, ನಲವತ್ತೂ ನಮ್ಮೋರ, ಒಬ್ಬ ಮಾತಾಡ್ದಾಗ ಉಳಿದ ಮೂವತ್ತೊಂಬತ್ತು ಮಂದಿ ಚಪ್ಪಾಳಿ. ಬಾಗ್ಲ ಹತ್ರ ಕೀಲಿ ಹಿಡ್ಕೊಂಡು ನಿಂತಿದ್ದ ಜವಾನ ಕಾಕಾ ಮುಗಿದ ಮ್ಯಾಲ ಅಂದ, "ಇದೇನು ಚರ್ಚೆನೋ ತಮ್ಮಾ, ಬೀಗ್ರಿಲ್ಲದ ಮದುವಿ ಆತಿದು."

ಆ ಮಾತು ಇವತ್ತಿಗೂ ತಲ್ಯಾಗ ಕುಂತೈತಿ. ಆಮ್ಯಾಲ ರಾಯಚೂರು ಕಡೆ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕ ಆಗಿ ಹೋದೆ, ಅಲ್ಲಿ ಹುಡ್ರ ಜೋಡಿ ನಿಂತು ಹಿಂಗ ಆರೇಳು ಚರ್ಚೆ ಮಾಡ್ಸೀನಿ, ಕೆಲವು ಚಲೋ ಆದ್ವು, ಎರಡು ಪೂರ್ತಿ ಕೆಟ್ಟವು. ಕೆಟ್ಟಿದ್ರಾಗ ಕಲ್ತಿದ್ದ ಜಾಸ್ತಿ. ಅದನ್ನೆಲ್ಲಾ ಕೂಡ್ಸಿ ಬರೀತಿದೀನಿ, ಬಳ್ಳಾರಿ ರಾಯಚೂರು ಕೊಪ್ಪಳ ಕಡೆ ಯಾವ ಕ್ಯಾಂಪಸ್ನಾಗ ಓದ್ತಿದ್ರೂ ಉಪಯೋಗ ಆಗ್ತೈತಿ.

ಒಂದನೇ ಕೆಲ್ಸ: ಇಬ್ರ ಹೋಗ್ರಿ, ಹತ್ತು ಮಂದಿ ಹೋಗಬ್ಯಾಡ್ರಿ

ವಿಷಯ ಏನಂತ ನಿರ್ಧಾರ ಮಾಡೋಕಿಂತ ಮೊದ್ಲ ಎದುರಿನ ಗುಂಪಿನವ್ರನ್ನ ಭೇಟಿ ಆಗ್ರಿ. ನಮ್ಮ ಕಡೆ ಎಬಿವಿಪಿ ಐತಿ, ಎಐಡಿಎಸ್‌ಒ ಐತಿ, ಎಸ್‌ಎಫ್‌ಐ, ಎನ್‌ಎಸ್‌ಯುಐ ಅದಾವ, ದಲಿತ ವಿದ್ಯಾರ್ಥಿ ಸಂಘಟನೆಗಳು ಅದಾವ, ಯಾವ ಸಂಘಟನೆನೂ ಇಲ್ದ ಬರೇ ಹಾಸ್ಟೆಲ್ ಗೆಳೆತನದ ಗುಂಪುಗಳೂ ಅದಾವ. ಯಾರ ಆಗ್ಲಿ, ವಾಟ್ಸಾಪ್‌ನಾಗ "ನಿಮಗ ದಮ್ ಇದ್ರ ಚರ್ಚೆಗೆ ಬರ್ರಿ" ಅಂತ ಮೆಸೇಜ್ ಹಾಕಿದ್ರ ಕೆಲ್ಸ ಅಲ್ಲಿಗ ಮುಗೀತು ತಿಳ್ಕೋರಿ. ಇಬ್ರು ಹೋಗ್ರಿ, ಕ್ಯಾಂಟೀನ್‌ನಾಗ ಚಾ ಕುಡ್ಕೋತ ಮೂರು ಪ್ರಶ್ನೆ ಕೇಳ್ರಿ. ಯಾವ ವಿಷಯದ ಮ್ಯಾಲ ನಮ್ಮ ಜೋಡಿ ಮಾತಾಡೋಕ ನಿಮಗ ಆಸೆ ಐತಿ? ನಿಮ್ಮ ಕಡಿಂದ ಯಾರು ಮಾತಾಡ್ತಾರ? ನಮ್ಮ ಕಡಿಂದ ಏನಾಗ್ತೈತಿ ಅಂತ ನಿಮಗ ಅಂಜಿಕಿ ಐತಿ?

ಮೂರನೇ ಪ್ರಶ್ನೆನ ಮುಖ್ಯ. ಸಾಮಾನ್ಯ ಉತ್ರ ಏನು ಬರ್ತೈತಿ ಅಂದ್ರ "ನೀವು ವಿಡಿಯೋ ಕಟ್ ಮಾಡಿ ಹಾಕ್ತೀರಿ", "ನಿಮ್ಮ ಹುಡ್ರು ಕೂಗಾಡಿ ನಮಗ ಮಾತಾಡೋಕ ಬಿಡಲ್ಲ", "ಸರ್ ನಿಮ್ಮ ಕಡಿ ಅದಾರ". ಇವಷ್ಟನ್ನೂ ಒಂದು ಹಾಳ್ಯಾಗ ಬರ್ಕೋರಿ, ಮುಂದ ರೂಲ್ಸ್ ಬರಿಯೋವಾಗ ಇವ ಬೇಕಾಗೋದು.

ಆಮ್ಯಾಲ ಐದು ಮಂದಿ ಸಮಿತಿ ಮಾಡ್ರಿ, ಇಬ್ರು ಈ ಕಡೆ, ಇಬ್ರು ಆ ಕಡೆ, ಒಬ್ರು ಯಾವ ಕಡೆನೂ ಇಲ್ಲದವ್ರು. ಆ ಒಬ್ರು ಹುಡುಗಿ ಆದ್ರ ಇನ್ನೂ ಚಲೋ, ನನ್ನ ಅನುಭವದಾಗ ಹುಡ್ರ ಜಗಳ ಬಿಡ್ಸೋದು ಅವ್ರಿಗೆ ಸಲೀಸು, ಆದ್ರ ಬರೇ ರಂಗೋಲಿ ಮತ್ತ ಸ್ವಾಗತ ಭಾಷಣಕ್ಕ ಅಂತ ಕರೀಬ್ಯಾಡ್ರಿ ಮತ್ತ. ಕರ್ನಾಟಕದಾಗ ಎಂಬತ್ತರ ದಶಕದ ಕೊನಿಗೆ ವಿದ್ಯಾರ್ಥಿ ಸಂಘದ ಚುನಾವಣೆ ನಿಂತ್ಹೋದ್ವು. 2006ರಾಗ ವಿದ್ಯಾರ್ಥಿ ಚುನಾವಣೆ ಹೆಂಗ ನಡೀಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿ ಶಿಫಾರಸು ಸುಪ್ರೀಂ ಕೋರ್ಟ್ ಒಪ್ಕೊಂಡು ದೇಶಕ್ಕೆಲ್ಲಾ ಅನ್ವಯ ಮಾಡ್ತು, ಒಬ್ಬ ಅಭ್ಯರ್ಥಿ 5,000 ರೂಪಾಯಿ ಮ್ಯಾಲ ಖರ್ಚು ಮಾಡಬಾರ್ದು ಅನ್ನೋ ಲೆಕ್ಕದ ರೂಲ್ಸ್ ಬಂದ್ವು, ಆದ್ರೂ ನಮ್ಮ ಕ್ಯಾಂಪಸ್‌ಗೆ ಚುನಾವಣೆ ಮಾತ್ರ ಬರ್ಲಿಲ್ಲ. ಅಂದ್ರ ಎಲ್ಲಾ ಗುಂಪಿಗೂ ಸೇರಿ ಮಾತಾಡೋ ಆಯ್ಕೆ ಆದ ಪ್ರತಿನಿಧಿ ಅಂತ ನಮ್ಮಲ್ಲಿ ಯಾರೂ ಇಲ್ಲ. ಅದಕ್ಕ ಈ ಐದು ಮಂದಿನ ನಮ್ಮ ಪಾಲಿಗೆ ಎಲ್ಲಾ.

ವಿಷಯ ಬರಿಯೋದು ಅರ್ಧ ಚರ್ಚೆ

ಇಲ್ಲಿ ಅವಸರ ಮಾಡಬ್ಯಾಡ್ರಿ, ಎರಡು ದಿನ ಬೇಕಾದ್ರೂ ತಗೋರಿ. "ಗಣಿಗಾರಿಕೆ ಶಾಪವೋ ವರವೋ" ಅನ್ನೋ ಥರ ವಿಷಯ ಹೈಸ್ಕೂಲ್ ಪ್ರಬಂಧಕ್ಕ ಸರಿ. ಎಲ್ರೂ "ಎರಡೂ ಹೌದು" ಅಂತಾರ, ಚಾ ಕುಡೀತಾರ, ಹೋಗ್ತಾರ. ಒಂದು ನಿರ್ಧಾರ ಇರ್ಬೇಕು, ಅದಕ್ಕ ಹೌದು ಅನ್ನೋರು ಇಲ್ಲ ಅನ್ನೋರು ಇಬ್ರೂ ನಮ್ಮ ಕ್ಯಾಂಪಸ್ನಾಗ ಇರ್ಬೇಕು. ಗಣಿನ ಬೇಕಂದ್ರ ಹಿಂಗ ಬರೀರಿ: "ಗಣಿ ಜಿಲ್ಲೆಗೆ ಬರೋ ಡಿಎಂಎಫ್ ದುಡ್ಡನ್ನ ಗಣಿ ಧೂಳು ಕುಡಿಯೋ ಹಳ್ಳಿ ಬಿಟ್ಟು ಬ್ಯಾರೆ ಕಡೆ ಖರ್ಚು ಮಾಡಬಾರ್ದು." ಡಿಎಂಎಫ್ ಅಂದ್ರ ಗಣಿಯವ್ರು ಕಟ್ಟೋ ಜಿಲ್ಲಾ ಖನಿಜ ನಿಧಿ. ಈಗ ನೋಡ್ರಿ, ಗಣಿ ಇರೋ ಸಂಡೂರಿನ ಹುಡುಗ ಒಂದು ಹೇಳ್ತಾನ, ಭತ್ತ ಬೆಳಿಯೋ ಸಿರುಗುಪ್ಪದ ಹುಡುಗಿ ಇನ್ನೊಂದು ಹೇಳ್ತಾಳ, ಇಬ್ರ ಹತ್ರನೂ ಕಾರಣ ಇರ್ತೈತಿ.

"ರಾಯಚೂರಿಗೆ ಏಮ್ಸ್ ಬರ್ಬೇಕು" ಅಂತ ರಾಯಚೂರಿನ್ಯಾಗ ಚರ್ಚೆ ಇಟ್ಟೋರು ಅದಾರ. ವಿರೋಧ ಯಾರು ಮಾತಾಡ್ಬೇಕು ಸ್ವಾಮಿ? ಪಾಪ ಒಬ್ಬ ಹುಡುಗನ್ನ ಚೀಟಿ ಎತ್ತಿಸಿ ವಿರೋಧಕ್ಕ ನಿಲ್ಸಿದ್ರು, ಅವ್ನು ಎರಡು ನಿಮಿಷಕ್ಕ "ನಂಗೂ ಬೇಕ್ರಿ" ಅಂದು ಕುಂತ.

ನಮ್ಮ ಭಾಗಕ್ಕ ಚಲೋ ಕೂಡೋ ಕೆಲವು ವಿಷಯ ಹೇಳ್ತೀನಿ, ಬೇಕಾದ್ರ ತಗೋರಿ. ಕಲ್ಯಾಣ ಕರ್ನಾಟಕದೋರಿಗೆ ಸೀಟು, ನೌಕ್ರಿ ಮೀಸಲಿಡೋ ಸಂವಿಧಾನದ 371ಜೆ ಮೀಸಲಾತಿನ ಕುಟುಂಬದ ಆದಾಯ ನೋಡಿ ಕೊಡಬೇಕು, ಇದು ಹಾಸ್ಟೆಲ್‌ನಾಗ ದಿನಾ ರಾತ್ರಿ ನಡಿಯೋ ಜಗಳನ, ತಿದ್ದುಪಡಿ ಪಾಸ್ ಆಗಿದ್ದು 2012ರಾಗ, ಈಗ ಓದ್ತಿರೋ ಹುಡ್ರು ಆಗ ಪ್ರೈಮರಿನ್ಯಾಗ ಇದ್ರು, ಅದ್ರ ಸರ್ಟಿಫಿಕೇಟ್ ಹಿಡ್ಕೊಂಡ ಸೀಟು ತಗೊಂಡಾರ, ಆದ್ರ ಅದು ಯಾಕ ಬಂತು ಅಂತ ಭಾಳ ಮಂದಿಗೆ ಗೊತ್ತಿಲ್ಲ. ವಿದ್ಯಾರ್ಥಿ ಸಂಘದ ಚುನಾವಣೆ ಮತ್ತ ಶುರು ಆಗ್ಬೇಕು. ತುಂಗಭದ್ರಾ ಎಡದಂಡೆ ಕಾಲುವಿ ಮೇಲ್ಭಾಗದಾಗ ಎರಡನೇ ಬೆಳಿಗೆ ಭತ್ತ ನಿಲ್ಲಿಸ್ಬೇಕು. ಈ ಕೊನೇದಂತೂ ಬೆಂಕಿ, ಗಂಗಾವತಿ ಕಾರಟಗಿ ಹುಡ್ರು ಒಂದು ಕಡೆ, ಮಾನ್ವಿ ರಾಯಚೂರು ಕಾಲುವಿ ಕೊನೆ ಹಳ್ಳಿ ಹುಡ್ರು ಇನ್ನೊಂದು ಕಡೆ, ಪಕ್ಷ ಸಂಘಟನೆ ಎಲ್ಲಾ ಮರ್ತು ಕುಂದರ್ತಾರ. ಯಾವಾಗಲೂ ಅದ ಎರಡು ಸಂಘಟನೆ ಎದುರಾಬದುರಾ ಆಗೋಕಿಂತ ಇಂಥ ವಿಷಯದಾಗ ಗುಂಪುಗಳ ಗೆರಿ ಬದಲಾಗ್ತೈತಿ, ಅದ ಅದ್ರ ಲಾಭ.

ವಿಷಯದ ವಾಕ್ಯ ಐದೂ ಮಂದಿ ಓದ್ಬೇಕು. ಎದುರಿನವ್ರು "ಈ ಪದ ಬ್ಯಾಡ" ಅಂದ್ರ ತೆಗೀರಿ. ನಮ್ಮ "ದ್ರೋಹ" ಪದನ ಯಾರಾರ ಮೊದ್ಲ ತೆಗ್ಸಿದ್ರ ಅವತ್ತು ಹೊಸಪೇಟಿ ಹುಡ್ರು ಬರ್ತಿದ್ರು. ಒಬ್ಬ ವ್ಯಕ್ತಿ ಹೆಸ್ರು, ಒಂದು ಜಾತಿ ಹೆಸ್ರು, ಒಂದು ಧರ್ಮದ ಹೆಸ್ರು ವಾಕ್ಯದಾಗ ಇತ್ತಂದ್ರ ಅದನ್ನ ನೀತಿ, ಕಾನೂನು, ದುಡ್ಡು, ನೀರು ಇಂಥ ಮಾತಿಗೆ ತಿರುಗ್ಸೋಕ ಆಗ್ತೈತಾ ನೋಡ್ರಿ. ಹೆಚ್ಚು ಸಲ ಆಗ್ತೈತಿ.

ಪರ್ಮಿಷನ್: ಬಾಯಿ ಮಾತು ನಂಬಬ್ಯಾಡ್ರಿ

"ಸರ್ ಹೂಂ ಅಂದಾರ" ಅನ್ನೋದು ಪರ್ಮಿಷನ್ ಅಲ್ಲ. ಕಾರ್ಯಕ್ರಮದ ದಿನ ಬೆಳಗ್ಗೆ ಹಾಲ್‌ಗೆ ಬೀಗ ಇರ್ತೈತಿ, ಸರ್ ರಜಾದ ಮ್ಯಾಲ ಇರ್ತಾರ. ನಮಗ ಒಂದ್ಸಲ ಹಿಂಗ ಆಗಿ ಬೇವಿನ ಗಿಡದ ಕೆಳಗ ಚರ್ಚೆ ಮಾಡಿದ್ವಿ, ನಿಜ ಹೇಳ್ಬೇಕಂದ್ರ ಅದು ಹಾಲ್‌ಗಿಂತ ತಣ್ಣಗಿತ್ತು, ಆದ್ರ ಎಲ್ಲಾ ಸಲ ಗಿಡ ಸಿಗಲ್ಲ.

ಅರ್ಜಿ ಕುಲಸಚಿವರಿಗೆ ಬರೀರಿ, ಕಾಲೇಜಾದ್ರ ಪ್ರಿನ್ಸಿಪಾಲರಿಗೆ, ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕ ಒಂದು ಪ್ರತಿ. ಕಮ್ಮಿ ಅಂದ್ರೂ 15 ದಿನ ಮೊದ್ಲು. ಅರ್ಜಿ ಹಿಂಗಿದ್ರ ಸಾಕು:

"ಮಾನ್ಯರೇ, ಕೆಳಗೆ ಸಹಿ ಮಾಡಿರುವ ಎರಡೂ ವಿದ್ಯಾರ್ಥಿ ಗುಂಪುಗಳು ಸೇರಿ, ಇಂಥ ದಿನಾಂಕದಂದು ಬೆಳಿಗ್ಗೆ 11ರಿಂದ 1ರವರೆಗೆ ಸೆಮಿನಾರ್ ಹಾಲ್‌ನಲ್ಲಿ ಇಂಥ ವಿಷಯದ ಮೇಲೆ ಚರ್ಚೆ ನಡೆಸಲು ಬಯಸಿದ್ದೇವೆ. ಭಾಗವಹಿಸುವವರು ನಮ್ಮ ವಿದ್ಯಾರ್ಥಿಗಳು ಮಾತ್ರ. ಚರ್ಚೆಯ ನಿಯಮಗಳನ್ನು ಲಗತ್ತಿಸಿದೆ. ಅನುಮತಿ ನೀಡಬೇಕಾಗಿ ಕೋರುತ್ತೇವೆ. ಅನುಮತಿ ನೀಡಲು ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಎರಡೂ ಗುಂಪಿನ ಸಹಿ ಒಂದ ಹಾಳಿ ಮ್ಯಾಲ ಇರೋದನ್ನ ನೋಡಿದ್ರ ಆಫೀಸ್‌ನವ್ರ ಮುಖನ ಬದಲಾಗ್ತೈತಿ, ಯಾಕಂದ್ರ ಅವ್ರ ಅಂಜಿಕಿ ಒಂದ, "ಇವ್ರು ಮಾಡಿದ್ರ ಅವ್ರು ಗಲಾಟೆ ಮಾಡ್ತಾರ" ಅಂತ. ಅವ್ರೂ ಸಹಿ ಹಾಕ್ಯಾರಲ್ಲ! ಮೊದಲ್ನೇ ಕೆಲ್ಸ ಯಾಕ ಮೊದ್ಲು ಅಂತ ಈಗ ತಿಳೀತಾ? ಇನ್ನೊಂದು, ಕೊನೆ ವಾಕ್ಯ ಬಿಡಬ್ಯಾಡ್ರಿ, ಮತ್ತ ಟಪಾಲು ವಿಭಾಗದಾಗ ಕೊಟ್ಟು ನಿಮ್ಮ ಪ್ರತಿ ಮ್ಯಾಲ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕ್ಸ್ಕೊಂಡ ಬರ್ರಿ. ಆ ನಂಬರ್ ಇಲ್ದಿದ್ರ ನೀವು ಅರ್ಜಿನ ಕೊಟ್ಟಿಲ್ಲ ಅಂತ ಲೆಕ್ಕ.

ಇಲ್ಲ ಅಂದ್ರ? ಜಗಳ ಬ್ಯಾಡ, ಕಾಗದದಾಗ ಮಾತಾಡ್ರಿ. ಸಂವಿಧಾನದ 19(1)(ಎ) ಮಾತಾಡೋ ಹಕ್ಕು ಕೊಡ್ತೈತಿ, 19(1)(ಬಿ) ಆಯುಧ ಇಲ್ದ ಶಾಂತಿಯಿಂದ ಸೇರೋ ಹಕ್ಕು, 19(1)(ಸಿ) ಸಂಘ ಕಟ್ಟೋ ಹಕ್ಕು. ಮಾತಿನ ಮ್ಯಾಲ ನಿರ್ಬಂಧ ಹಾಕೋಕ 19(2)ರಾಗ ಕಾರಣಗಳ ಪಟ್ಟಿ ಐತಿ: ದೇಶದ ಸಾರ್ವಭೌಮತೆ ಮತ್ತ ಏಕತೆ, ರಾಜ್ಯದ ಭದ್ರತೆ, ಬ್ಯಾರೆ ದೇಶದ ಜೋಡಿ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕ ಪ್ರಚೋದನೆ. "ವಿಷಯ ಸೂಕ್ಷ್ಮ ಐತಿ" ಅನ್ನೋದು ಈ ಪಟ್ಟಿನ್ಯಾಗ ಇಲ್ಲ. "ಯಾರಾರ ಗಲಾಟೆ ಮಾಡಬಹುದು" ಅಂದ್ರ 1989ರ ರಂಗರಾಜನ್ ಕೇಸು ನೆನಪು ಮಾಡ್ರಿ, ಒಂದು ಸಿನಿಮಾದ ಮ್ಯಾಲ ಬಂದ ಕೇಸದು, ಪ್ರತಿಭಟನೆ ಮಾಡ್ತೀವಿ ಹಿಂಸೆ ಮಾಡ್ತೀವಿ ಅಂತ ಯಾರೋ ಬೆದರ್ಸ್ಯಾರ ಅಂತ ಮಾತು ಅದುಮೋಕ ಆಗಲ್ಲ, ಮಾತಾಡೋರಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ ಹೇಳೈತಿ. ಇದನ್ನ ಕುಲಸಚಿವರ ಮುಂದ ಮೇಜು ಗುದ್ದಿ ಹೇಳಬ್ಯಾಡ್ರಿ, ಎರಡನೇ ಅರ್ಜಿನ್ಯಾಗ ಎರಡು ಸಾಲು ಬರೀರಿ, ಸಾಕು. ಅವ್ರೂ ಪಾಪ ಮ್ಯಾಲಿನವ್ರಿಗೆ ಉತ್ರ ಕೊಡಬೇಕು, ನಿಮ್ಮ ಕಾಗದ ಅವ್ರಿಗೂ ಆಸರ ಆಗ್ತೈತಿ.

ಖಾಸಗಿ ಕಾಲೇಜಿನ್ಯಾಗ ಈ ದಾರಿ ಇಷ್ಟು ಸಲೀಸಲ್ಲ, ಅಲ್ಲಿ ಪ್ರಾಸ್ಪೆಕ್ಟಸ್ ಹಿಂದಿನ ಪುಟದ ಸಣ್ಣ ಅಕ್ಷರ ಮೊದ್ಲು ಓದ್ರಿ, ಸಾಹಿತ್ಯ ಸಂಘ, ಎನ್‌ಎಸ್‌ಎಸ್, ಡಿಪಾರ್ಟ್‌ಮೆಂಟ್ ಫೋರಂ ಹೆಸ್ರಿನ್ಯಾಗ ಮಾಡೋದು ಸುಲಭ.

ಸರ್ಕಾರಿ ಯೂನಿವರ್ಸಿಟಿ ಸುಮ್ನ ಅರ್ಜಿ ಇಟ್ಕೊಂಡು ಕುಂತ್ರ ಇನ್ನೆರಡು ದಾರಿ. ಮಾಹಿತಿ ಹಕ್ಕು ಕಾಯ್ದೆ 2005ರ ಕೆಳಗ 10 ರೂಪಾಯಿ ಶುಲ್ಕ ಕಟ್ಟಿ "ವಿದ್ಯಾರ್ಥಿ ಕಾರ್ಯಕ್ರಮಕ್ಕ ಹಾಲ್ ಕೊಡೋ ನಿಯಮದ ಪ್ರತಿ ಕೊಡ್ರಿ, ಹೋದ ವರ್ಷ ಯಾರ್ಯಾರಿಗೆ ಕೊಟ್ರಿ ಪಟ್ಟಿ ಕೊಡ್ರಿ" ಅಂತ ಕೇಳ್ರಿ, 30 ದಿನದಾಗ ಉತ್ರ ಕೊಡಬೇಕು. ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕ ಇಲ್ಲ ಅಂದಿದ್ರ ಅಲ್ಲಿ ಸಿಗ್ತೈತಿ. ಇನ್ನೊಂದು, ಯುಜಿಸಿ 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಾಗ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರ್ಬೇಕು, ಅದ್ರ ಮ್ಯಾಲ ಮೇಲ್ಮನವಿ ಕೇಳೋ ಓಂಬುಡ್ಸ್‌ಪರ್ಸನ್ ಇರ್ಬೇಕು. ಸಂಸ್ಥೆ ತನ್ನ ರೂಲಿಗೆ ತಾನ ವಿರುದ್ಧ ನಡ್ಕೊಂಡ್ರ, ಅಥವಾ ಅರ್ಜಿ ಕೊಟ್ಟ ಹುಡ್ರಿಗೆ ಕಿರುಕುಳ ಕೊಟ್ರ ಅಲ್ಲಿಗೆ ಹೋಗಬಹುದು, ಸಮಿತಿ 15 ಕೆಲಸದ ದಿನದಾಗ ವರದಿ ಕೊಡೋಕ ನೋಡ್ಬೇಕು. ಇಂಟರ್ನಲ್ ಮಾರ್ಕ್ಸ್ ಕೈಯಾಗ ಇಟ್ಕೊಂಡೋರ ಮ್ಯಾಲ ದೂರು ಕೊಡೋದು ಎಷ್ಟು ಕಷ್ಟ ಅಂತ ನಂಗೂ ಗೊತ್ತೈತಿ. ಅದಕ್ಕ ಒಬ್ರ ಹೆಸ್ರಿನ್ಯಾಗ ಕೊಡಬ್ಯಾಡ್ರಿ, ಐದೂ ಮಂದಿ ಸಹಿ ಹಾಕ್ರಿ.

ದಿನ, ಟೈಮು, ಜಾಗ

ಇದು ಸಣ್ಣ ವಿಷಯ ಅನ್ಸ್ತೈತಿ, ಅಲ್ಲ. ಸಂಜಿ 4ಕ್ಕ ಇಟ್ರಿ ಅಂದ್ರ ಹಳ್ಳಿಯಿಂದ ಪಾಸ್ ಹಿಡ್ಕೊಂಡು ಬರೋರನ್ನ ಹೊರಗ ಹಾಕಿದಂಗ. ಸಿರುಗುಪ್ಪ, ಕುರುಗೋಡು, ಸಂಡೂರು, ದೇವದುರ್ಗ, ಕುಷ್ಟಗಿ ಕಡೆ ಹುಡ್ರು ಹುಡ್ಗೀರು ಬಸ್ ನೋಡ್ಕೊಂಡ ಎದ್ದು ಹೋಗ್ತಾರ, 2023ರ ಜೂನ್‌ನಾಗ ಶಕ್ತಿ ಯೋಜನೆ ಬಂದ ಮ್ಯಾಲ ಸಂಜಿ ಬಸ್ಸಿನ್ಯಾಗ ಕಾಲಿಡೋಕ ಜಾಗ ಇರಲ್ಲ, ಒಂದು ತಪ್ಪಿದ್ರ ಮುಂದಿಂದಕ್ಕ ಕತ್ಲ ಆಗಿರ್ತೈತಿ. ಹಂಗಾಗಿ 11ರಿಂದ 1, ಊಟಕ್ಕ ಬಿಡೋದ್ರೊಳಗ ಮುಗೀಬೇಕು. ಏಪ್ರಿಲ್ ಮೇ ಬ್ಯಾಡ, 40 ಡಿಗ್ರಿ ಬಿಸ್ಲಾಗ ಯಾವ ವಾದಾನೂ ತಲಿಗೆ ಹೋಗಲ್ಲ, ಮೊದ್ಲ ತಲಿ ಕಾದಿರ್ತೈತಿ.

ಕುರ್ಚಿ ವೃತ್ತದಾಗ ಹಾಕ್ರಿ. ವೇದಿಕೆ, ಹಾರ, ಶಾಲು, ದೀಪ ಹಚ್ಚೋದು, ಅತಿಥಿಗಳ ಪರಿಚಯ, ಇದೆಲ್ಲಾ ಬಿಡ್ರಿ, ಇದ್ರಾಗನ ಒಂದು ತಾಸು ಹೋಗ್ತೈತಿ. ಎಂಎಲ್ಎ ಸಾಹೇಬ್ರನ್ನ ಅಂತೂ ಕರೀಲೇಬ್ಯಾಡ್ರಿ. ಮೈಕ್ ಸಣ್ಣ ಹಾಲ್‌ಗೆ ಬೇಕಿಲ್ಲ, ಮೈಕ್ ಇದ್ರ ಕಿತ್ಕೊಳ್ಳೋರು ಇರ್ತಾರ.

ರೂಲ್ಸ್ ಒಂದ ಪುಟ, ಎಲ್ರ ಸಹಿ

ಹೊರಗಿನ ದೇಶದ ಡಿಬೇಟ್ ರೂಲ್ಸ್ ನೆಟ್‌ನಾಗ ಸಿಗ್ತಾವ, ಅವನ್ನ ತಂದು ನಮ್ಮ ಹುಡ್ರಿಗೆ ತುರ್ಕಬ್ಯಾಡ್ರಿ. ನಮಗ ನಡೆದದ್ದು ಇಷ್ಟು. ಎರಡೂ ಕಡೆ ಇಬ್ಬಿಬ್ರು, ಒಬ್ಬೊಬ್ರಿಗೆ 6 ನಿಮಿಷ. ಆಮ್ಯಾಲ 40 ನಿಮಿಷ ಕೂತೋರ ಪ್ರಶ್ನೆ, ಒಬ್ರಿಗೆ ಒಂದ ನಿಮಿಷ, ಹುಡುಗ ಕೇಳಿದ ಮ್ಯಾಲ ಹುಡುಗಿ, ಹುಡುಗಿ ಕೇಳಿದ ಮ್ಯಾಲ ಹುಡುಗ, ಕೈ ಎತ್ತೋಕ ನಾಚ್ಕಿ ಪಡೋರಿಗೆ ಚೀಟಿ. ಕೊನಿಗೆ ಎರಡೂ ಕಡೆ 3 ನಿಮಿಷ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಇಂಗ್ಲಿಷ್ ಯಾವ ಮಾತಾದ್ರೂ ಆಗ್ಲಿ, ಆದ್ರ ಪಕ್ಕದೋರು ಯಾರಾರ ಕನ್ನಡದಾಗ ಅದ್ರ ಸಾರ ಹೇಳ್ಬೇಕು. ಬಳ್ಳಾರಿಯಾಗ ತೆಲುಗು ಮಾತಾಡಿದ್ರ ನಗೋ ಮಂದಿ ಇನ್ನೂ ಅದಾರ, ಅದನ್ನ ಅವತ್ತಿಂದ ನಿಲ್ಸ್ರಿ.

ಈಗ ಎಲ್ಲಕ್ಕಿಂತ ಮುಖ್ಯ ರೂಲು. ಎದುರಿನವ್ರಿಗೆ ಉತ್ರ ಕೊಡೋಕಿಂತ ಮೊದ್ಲು ಅವ್ರು ಹೇಳಿದ್ದನ್ನ ನಿಮ್ಮ ಮಾತ್ನಾಗ ಹೇಳ್ಬೇಕು, ಅವ್ರು "ಹೂಂ, ನಾ ಹೇಳಿದ್ದು ಅದ" ಅನ್ನೋತನ ನಿಮ್ಮ ಉತ್ರ ಶುರು ಆಗಲ್ಲ, ನಿಮ್ಮ ಗಡಿಯಾರನೂ ಶುರು ಆಗಲ್ಲ.

ಕಾಲುವಿ ನೀರಿನ ಚರ್ಚೆನ್ಯಾಗ ಏನಾತಂದ್ರ, ಮಾನ್ವಿ ಕಡೆ ಹುಡುಗ ಮಾತು ಮುಗ್ಸಿದ, ಗಂಗಾವತಿ ಹುಡುಗ ಎದ್ದು "ಇವ್ರು ಹೇಳೋದು ಏನಂದ್ರ ನಮ್ಮ ಬೆಳಿ ನೋಡಿ ಇವ್ರಿಗೆ ಹೊಟ್ಟಿಕಿಚ್ಚು" ಅಂದ. ಅಲ್ಲ ಅಂದ ಇವ್ನು. "ಸರಿ, ನಾವು ನೀರು ಕದೀತೀವಿ ಅಂತ." ಅದೂ ಅಲ್ಲ. ಹಾಲ್ ಪೂರ್ತಿ ನಗ್ತೈತಿ, ಗಂಗಾವತಿ ಹುಡುಗನ ಮುಖ ಕೆಂಪಾಗೈತಿ, ಸ್ವಲ್ಪ ಸುಮ್ನ ನಿಂತ, ಆಮ್ಯಾಲ ಮೆತ್ತಗ ಅಂದ, "ನಾವು ಭತ್ತಕ್ಕ ನೀರು ನಿಲ್ಸ್ಕೊಂಡ ದಿನ, ಕಾಲುವಿ ಕೊನ್ಯಾಗ ನೀವು ಬಿತ್ತಿದ್ದು ಒಣಗ್ತಿರ್ತೈತಿ, ನೀರು ಬಂದಾಗ ಬೆಳಿ ಹೋಗಿರ್ತೈತಿ." ಹೂಂ, ಅದ ನೋಡಣ್ಣಾ, ಅಂದ ಮಾನ್ವಿ ಹುಡುಗ. ಆಮ್ಯಾಲ ಗಂಗಾವತಿ ಹುಡುಗ ತನ್ನ ಉತ್ರ ಕೊಟ್ಟ, ಭತ್ತ ಬಿಡು ಅಂದ್ರ ಸಾಲ ತೀರ್ಸೋ ಬ್ಯಾರೆ ಬೆಳಿ ತೋರ್ಸ್ರಿ, ತಗ್ಗಿನ ಹೊಲದಾಗ ನೀರು ನಿಲ್ಲೋ ಮಣ್ಣಿಗೆ ಏನು ಹಾಕ್ಲಿ ಅಂತ, ಅದೂ ಗಟ್ಟಿ ಉತ್ರನ. ಅವ್ನು ಪಕ್ಷ ಬದಲಿಸ್ಲಿಲ್ಲ, ಇವ್ನೂ ಬದಲಿಸ್ಲಿಲ್ಲ. ಆದ್ರ ಅವತ್ತು ಹೊಟ್ಟಿಕಿಚ್ಚು ಅನ್ನೋ ಮಾತು ಮತ್ತ ಬರ್ಲಿಲ್ಲ.

ಈ ರೂಲು ನಮ್ಮ ಕಡಿಗೆ ಹೊಸದೇನಲ್ಲ. ಮಸ್ಕಿನ್ಯಾಗ, ಕೊಪ್ಪಳದ ಗವಿಮಠ ಪಾಲ್ಕಿಗುಂಡುನ್ಯಾಗ ಅಶೋಕನ ಶಾಸನ ಅದಾವಲ್ಲ, ಟೂರಿಗೆ ಹೋಗಿ ಫೋಟೋ ತಗೊಂಡು ಬಂದಿರ್ತೀರಿ. ಆಕಡೆ ಕಲಬುರಗಿ ಜಿಲ್ಲೆ ಸನ್ನತಿನ್ಯಾಗ ಸಿಕ್ಕ ಕಲ್ಲಿನ ಮ್ಯಾಲ ಅವ್ನ 12ನೇ ಬಂಡೆ ಶಾಸನ ಐತಿ. ಮಾತಿನ ಮ್ಯಾಲ ಹಿಡಿತ ಇರ್ಲಿ, ಕಾರಣ ಇಲ್ದ ನಿಮ್ಮ ಪಂಥ ಹೊಗಳ್ಕೊಂಡು ಇನ್ನೊಬ್ರ ಪಂಥ ತೆಗಳಬ್ಯಾಡ್ರಿ, ಒಬ್ರು ಇನ್ನೊಬ್ರ ಧರ್ಮದ ಮಾತು ಕೇಳ್ರಿ ಅನ್ನೋದು ಅದ್ರ ತಾತ್ಪರ್ಯ. ಎರಡು ಸಾವ್ರ ವರ್ಷದ ಮ್ಯಾಲಾತು ಅದನ್ನ ಕೆತ್ತಿ.

ಏನು ಮಾತಾಡಬಾರ್ದು ಅನ್ನೋ ಪಟ್ಟಿ ಸಣ್ಣದಿರ್ಲಿ. ಕಾನೂನಿನ್ಯಾಗ ಅಪರಾಧ ಆಗಿರೋದು ಬ್ಯಾಡ, ಅಷ್ಟ. ಜಾತಿ ಹಿಡಿದು ಬೈಯೋದು, ಹೊಡೀರಿ ಬಡೀರಿ ಅಂತ ಹುರಿದುಂಬ್ಸೋದು, ಒಬ್ರ ಮಾನ ತೆಗಿಯೋ ಸುಳ್ಳು, ಗುಂಪು ಗುಂಪಿನ ನಡು ದ್ವೇಷ ಹಬ್ಬಿಸೋದು. 2024ರ ಜುಲೈ 1ರಿಂದ ಇವಕ್ಕ ಭಾರತೀಯ ನ್ಯಾಯ ಸಂಹಿತೆ, ದ್ವೇಷಕ್ಕ 196ನೇ ಸೆಕ್ಷನ್, ಮಾನಹಾನಿಗೆ 356, ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಬ್ಯಾರೆ ಐತಿ. ಅದು ಬಿಟ್ಟು ಮನಸ್ಸಿಗೆ ನೋವಾತು, ಬ್ಯಾಸರಾತು, ನಮ್ಮ ನಾಯಕ್ರನ್ನ ಟೀಕೆ ಮಾಡಿದ್ರು, ಇವ್ಯಾವೂ ಮಾತು ನಿಲ್ಸೋ ಕಾರಣ ಅಲ್ಲ. 2015ರ ಮಾರ್ಚ್ 24ಕ್ಕ ಶ್ರೇಯಾ ಸಿಂಘಾಲ್ ಕೇಸಿನ್ಯಾಗ ಸುಪ್ರೀಂ ಕೋರ್ಟ್, ನೆಟ್‌ನಾಗ ಕಿರಿಕಿರಿ ಆಗೋ ಮಾತು ಹಾಕಿದ್ರ ಶಿಕ್ಷೆ ಅಂತಿದ್ದ ಐಟಿ ಕಾಯ್ದೆ 66ಎ ಸೆಕ್ಷನ್ ತೆಗೆದು ಹಾಕ್ತಲ್ಲ, ಅಲ್ಲಿ ಚರ್ಚೆ ಬ್ಯಾರೆ, ಒಂದು ವಿಚಾರದ ಪರ ವಾದ ಮಾಡೋದು ಬ್ಯಾರೆ, ಪ್ರಚೋದನೆ ಬ್ಯಾರೆ ಅಂತ ಬಿಡ್ಸಿ ಹೇಳೈತಿ, ಮೊದಲ್ನೆವೆರಡು ಎಷ್ಟ ಕಹಿ ಆದ್ರೂ ನಡೀಬೇಕು. "66ಎ ಹಾಕಿಸ್ತೀನಿ" ಅಂತ ಈಗಲೂ ಅಂಜಿಸೋ ಸೀನಿಯರ್ ಸಿಕ್ರ ಅವ್ರಿಗೆ ಚಾ ಕುಡ್ಸಿ ಇದನ್ನ ಹೇಳ್ರಿ.

ನಡಿಸೋರು ಯಾರು

ಚಲೋ ಮಾತಾಡೋರು ಬ್ಯಾಡ. ಅವ್ರಿಗೆ ಮಾತಾಡೋ ಚಟ ಇರ್ತೈತಿ, ಎರಡು ತಾಸಿನ್ಯಾಗ ಒಂದು ತಾಸು ಅವ್ರ ತಗೊಂತಾರ. ಗಡಿಯಾರ ನೋಡೋಕ ಬರೋರು, ಗೆಳ್ಯಾಗೂ "ಟೈಮ್ ಆತು ಕುಂದ್ರು" ಅನ್ನೋರು ಬೇಕು. ನಾವೊಂದ್ಸಲ ಖೋ ಖೋ ಆಡೋ ಹುಡುಗಿಗೆ ವಿಷಲ್ ಕೊಟ್ಟು ಕುಂದರ್ಸಿದ್ವಿ, ಅಂಥಾ ಶಿಸ್ತು ನಾ ಮತ್ತ ನೋಡಿಲ್ಲ. ಲೆಕ್ಚರರ್‌ಗಳು ಹಿಂದ ಕುಂದರ್ಲಿ, ನಾನೂ ಹಿಂದ ಕುಂದರ್ತೀನಿ, ಮಾತಾಡ್ಬೇಕು ಅನ್ಸಿದ್ರ ಎಲ್ರಂಗ ಕೈ ಎತ್ತಿ ಒಂದು ನಿಮಿಷ. ಇದು ಕೆಲವು ಸರ್‌ಗಳಿಗೆ ಹಿಡ್ಸಲ್ಲ.

ಗಲಾಟೆ ಶುರು ಆದ್ರ

ಹೊರಗ ಘೋಷಣೆ ಕೂಗ್ತಾರಾ? ಕೂಗ್ಲಿ, ಅದೂ ಮಾತ. ಕಪ್ಪು ಪಟ್ಟಿ ಕಟ್ಟಿ ಒಳಗ ಕುಂತ್ರ ಕುಂದರ್ಲಿ. ನಡುವ ಎದ್ದು ಹೋದ್ರ ಹೋಗ್ಲಿ, ದಾರಿ ಬಿಡ್ರಿ, "ಓಡ್ಹೋದ್ರು" ಅನ್ನಬ್ಯಾಡ್ರಿ. ಆದ್ರ ಒಳಗ ಒಬ್ರು ಮಾತಾಡೋವಾಗ ಮಾತು ಕೇಳ್ಸದಂಗ ಕೂಗೋದು, ಬಾಗ್ಲ ಹಾಕೋದು, ಮೈ ಮ್ಯಾಲ ಬರೋದು ನಡಿಯಲ್ಲ. ಹಂಗಾದ್ರ ನಡಿಸೋರು ಗಡಿಯಾರ ನಿಲ್ಸ್ಬೇಕು, ಮಾತಾಡೋರ ಟೈಮು ಕಡಿಮಿ ಆಗಬಾರ್ದು. ಆಮ್ಯಾಲ ಕೂಗಿದ ಗುಂಪಿನದ ಸಮಿತಿ ಸದಸ್ಯ ಎದ್ದು ತನ್ನೋರಿಗೆ ಹೇಳ್ಬೇಕು, ಎದುರಿನವ್ರು ಹೇಳಿದ್ರ ಜಗಳ, ತಮ್ಮ ಗುಂಪಿನವ್ರ ಹೇಳಿದ್ರ ಕುಂದರ್ತಾರ. ಮೂರು ಸಲ ಆದ್ರೂ ನಿಲ್ದಿದ್ರ ಹತ್ತು ನಿಮಿಷ ಬಿಡುವು, ಹೊರಗ ಮಂಡಕ್ಕಿ ಒಗ್ಗರಣಿ ಮಿರ್ಚಿ. ನಗಬ್ಯಾಡ್ರಿ, ಎರಡು ಸಲ ಕೆಲ್ಸ ಮಾಡೈತಿ. ಕೈ ಮಿಲಾಯಿಸೋ ಹಂತಕ್ಕ ಹೋದ್ರ ಮಾತ್ರ ಅಲ್ಲಿಗ ಮುಗ್ಸ್ರಿ, ಹುಡ್ಗೀರನ್ನ ಮೊದ್ಲು ಹೊರಗ ಕಳ್ಸ್ರಿ, ನಡೆದದ್ದನ್ನ ಅವತ್ತ ಬರ್ದಿಡ್ರಿ.

ಕೆಟ್ಟ ಎರಡು ಚರ್ಚೆ ಅಂದ್ನಲ್ಲ, ಒಂದು ಕೆಟ್ಟಿದ್ದು ಗಲಾಟೆಯಿಂದಲ್ಲ, ಫೋನಿಂದ.

ಫೋನು

ಒಬ್ಬಾಕಿ ಹುಡುಗಿ 6 ನಿಮಿಷ ಚಲೋ ಮಾತಾಡಿದ್ಲು, ಅದ್ರಾಗ ಎದುರಿನವ್ರ ವಾದ ತನ್ನ ಮಾತ್ನಾಗ ಹೇಳಿದ್ಲು, ಅದ ರೂಲಲ್ಲ. ಯಾರೋ ಬರೇ ಆ 15 ಸೆಕೆಂಡ್ ಕಟ್ ಮಾಡಿ ಸ್ಟೇಟಸ್ ಹಾಕಿದ, ಆಕಿನ ಅದನ್ನ ನಂಬ್ತಾಳ ಅನ್ನಂಗ. ಸಂಜಿಯೊಳಗ ಆಕಿ ಊರಿಗೆ ಹೋತು ಆ ವಿಡಿಯೋ. ಅವ್ರ ಅಪ್ಪ ಒಂದು ವಾರ ಕಾಲೇಜಿಗೆ ಕಳಿಸ್ಲಿಲ್ಲ, ನಾವು ಮೂರು ಮಂದಿ ಹೋಗಿ ಪೂರ್ತಿ ರೆಕಾರ್ಡಿಂಗ್ ಕೇಳ್ಸಿದ ಮ್ಯಾಲ ಕಳಿಸಿದ್ರು. ಪೂರ್ತಿ ರೆಕಾರ್ಡಿಂಗ್ ಇತ್ತು ಅಂತ ಬಚಾವ್.

ಅವತ್ತಿಂದ ನಮ್ಮ ನಿಯಮ: ಒಂದ ಫೋನು, ಒಂದ ರೆಕಾರ್ಡಿಂಗ್, ಪೂರ್ತಿ, ಅದ್ರ ಪ್ರತಿ ಎರಡೂ ಗುಂಪಿನ ಹತ್ರ. ಉಳಿದ ಫೋನು ಬ್ಯಾಗಿನ್ಯಾಗ. ಮಾತಾಡಿದೋರು ಒಪ್ಪದ ಯಾವ ತುಣುಕೂ ಹೊರಗ ಹೋಗಬಾರ್ದು. ವಿಷಯ ಭಾಳ ಬಿಸಿ ಇತ್ತಂದ್ರ ರೆಕಾರ್ಡಿಂಗೂ ಬ್ಯಾಡ, ಏನು ಮಾತು ಬಂತು ಅಂತ ಹೊರಗ ಹೇಳಬಹುದು, ಯಾರು ಹೇಳಿದ್ರು ಅಂತ ಹೇಳಂಗಿಲ್ಲ ಅಂತ ಮಾಡ್ರಿ. ಲಂಡನ್‌ನಾಗ ಚಾಥಮ್ ಹೌಸ್ ಅನ್ನೋ ಸಂಸ್ಥೆಯವ್ರು 1927ರಾಗ ಮಾಡ್ಕೊಂಡ ರೂಲು ಇದು, ಹೊರಗಿನ ರೂಲ್ಸ್ ಬ್ಯಾಡ ಅಂದೋನು ನಾನ, ಇದೊಂದು ಮಾತ್ರ ತಗೋರಿ.

ಮುಗಿದ ಮ್ಯಾಲ

ಗೆದ್ದೋರು ಯಾರು ಅಂತ ಘೋಷಣೆ ಮಾಡಬ್ಯಾಡ್ರಿ, ಕಪ್ ಕೊಡಬ್ಯಾಡ್ರಿ. ಬೇಕಾದ್ರ ಶುರುವಿಗೆ ಒಂದು ಚೀಟಿ, ಕೊನಿಗೆ ಒಂದು ಚೀಟಿ, ಹೌದು, ಇಲ್ಲ, ಗೊತ್ತಿಲ್ಲ ಅಂತ ಬರ್ಸ್ರಿ. ಎಣಿಸೋವಾಗ ಎಲ್ರೂ ಎಷ್ಟು ಮಂದಿ ಕಡೆ ಬದಲಿಸಿದ್ರು ಅಂತ ನೋಡ್ತಾರ, ನೀವು "ಗೊತ್ತಿಲ್ಲ" ಎಷ್ಟು ಹೆಚ್ಚಾದ್ವು ಅಂತ ನೋಡ್ರಿ. ಒಂದ್ಸಲ ನಮ್ಮಲ್ಲಿ ಹನ್ನೊಂದು ಇದ್ದದ್ದು ಇಪ್ಪತ್ತಾರು ಆತು, ಹುಡ್ರು ಇದೇನು ಚರ್ಚೆ ಫೇಲ್ ಆತಲ್ರಿ ಸರ್ ಅಂದ್ರು. ನಂಗಂತೂ ಅವತ್ತು ಖುಷಿ ಆಗಿತ್ತು.

ಅವತ್ತ ಸಂಜಿ ಐದೂ ಮಂದಿ ಕುಂತು ಒಂದೂವರಿ ಪುಟದ ವರದಿ ಬರೀರಿ. ಈ ಕಡೆಯವ್ರು ಆ ಕಡೆ ವಾದ ಬರೀಬೇಕು, ಆ ಕಡೆಯವ್ರು ಈ ಕಡೇದು. ಬರ್ದಿದ್ದು ಸರಿ ಐತಿ ಅಂತ ಅದಲು ಬದಲು ಸಹಿ ಹಾಕ್ರಿ. ಚಾ ಮಂಡಕ್ಕಿ ಖರ್ಚು ಎರಡು ಪಾಲು ಮಾಡಿ ಲೆಕ್ಕ ಅದ್ರ ಕೆಳಗ ಬರೀರಿ, 340 ರೂಪಾಯಿ ಸಲುವಾಗಿ ಮುಂದಿನ ಚರ್ಚೆ ನಿಂತಿದ್ದು ನೋಡೀನಿ. ವರದಿ ಒಂದು ಪ್ರತಿ ಟಪಾಲು ವಿಭಾಗಕ್ಕ ಕೊಟ್ಟು ಮತ್ತ ಇನ್‌ವರ್ಡ್ ನಂಬರ್ ಹಾಕ್ಸ್ಕೋರಿ, ಮುಂದಿನ ಅರ್ಜಿ ಕೊಡೋವಾಗ "ಹೋದ ಸಲ ಯಾವ ತೊಂದ್ರಿ ಇಲ್ದ ನಡೀತು" ಅಂತ ಅದ ನಂಬರ್ ಬರಿಯೋಕ ಬೇಕಾಗ್ತೈತಿ. ಕುರ್ಚಿ ಸಾಲಿನ್ಯಾಗ ಹಾಕಿ, ಫ್ಯಾನ್ ಆಫ್ ಮಾಡಿ, ಹಾಲ್ ಕೀಲಿ ಜವಾನ ಕಾಕಾನ ಕೈಗೆ ಕೊಡ್ರಿ, ಮಿರ್ಚಿ ಉಳಿದಿದ್ರ ಎರಡು ಅವ್ನಿಗೂ ಕೊಡ್ರಿ.